ಹೆಸರಿಲ್ಲದ ಮುಖಗಳು

ಬೆಂಗಳೂರಿನ ಜಯನಗರದಲ್ಲಿ ಮುಂಜಾನೆ ಬೀದಿ ಗುಡಿಸುವ ಪೌರಕಾರ್ಮಿಕರನ್ನೂ ಬನಶಂಕರಿ ದೇವಾಲಯದ ಬಳಿ ಹೂ ಕಟ್ಟುವ ಅಜ್ಜಿಯರನ್ನೂ ಜನರು ನಿತ್ಯವೂ ಕಾಣುತ್ತಾರೆ. ಅವರಲ್ಲಿ ಎಷ್ಟು ಮಂದಿಯ ಹೆಸರನ್ನು ಕೇಳಿ ತಿಳಿದವರಿದ್ದಾರೆ? ಛಾಯಾಚಿತ್ರದ ಇತಿಹಾಸದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ.

1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಒದ್ದೆ ಫಲಕದ ವಿಧಾನವನ್ನು ಪ್ರಕಟಿಸಿದನು. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹರಡಿ, ಅದನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಬೇಕು. ಫಲಕವು ಒಣಗುವ ಮುನ್ನ, ಅಂದರೆ ಸುಮಾರು 10-15 ನಿಮಿಷಗಳೊಳಗೆ, ಚಿತ್ರ ತೆಗೆದು ಸಂಸ್ಕರಿಸಬೇಕು. ಎದುರು ಕುಳಿತವರು ಹಲವು ಸೆಕೆಂಡುಗಳ ಕಾಲ ಅಲುಗಾಡಬಾರದು. ನೀಲಿ ಬೆಳಕನ್ನು ಚೆನ್ನಾಗಿ ಗ್ರಹಿಸುವ ಈ ಫಲಕವು ಕೆಂಪು, ಹಳದಿ ಬೆಳಕಿಗೆ ಬಹುಮಟ್ಟಿಗೆ ಕುರುಡು. ಆದುದರಿಂದ ಕಂದು ಬಣ್ಣದ ಮುಖವು ಇರುವುದಕ್ಕಿಂತ ಕಪ್ಪಾಗಿ ಮೂಡುತ್ತದೆ.

ಈ ವಿಧಾನವು ಬಳಕೆಯಲ್ಲಿದ್ದ ಕಾಲದಲ್ಲಿಯೇ, 1868ರಿಂದ 1875ರವರೆಗೆ, ಬ್ರಿಟಿಷರು 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳನ್ನು ಹೊರತಂದರು. ಅವುಗಳಲ್ಲಿ 400ಕ್ಕೂ ಹೆಚ್ಚು ಛಾಯಾಚಿತ್ರಗಳಿವೆ. ಅನೇಕ ಚಿತ್ರಗಳ ಕೆಳಗೆ ಜಾತಿಯ ಅಥವಾ ಬುಡಕಟ್ಟಿನ ಹೆಸರಿದೆ, ಮನುಷ್ಯನ ಹೆಸರಿಲ್ಲ. ಮುಂದೆ 1890ರ ದಶಕದಲ್ಲಿ ಅಂಡಮಾನಿನ ಬುಡಕಟ್ಟಿನವರನ್ನು ಚೌಕುಳಿ ಪರದೆಯ ಮುಂದೆ ನಿಲ್ಲಿಸಿ, ಅವರ ದೇಹದ ಅಳತೆ ತಿಳಿಯುವಂತೆ ಚಿತ್ರ ತೆಗೆಯಲಾಯಿತು. ಅಲ್ಲಿ ಮನುಷ್ಯನು ಕೇವಲ ಒಂದು ಮಾದರಿಯಾದನು.

ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಈ ನೋಟವನ್ನೇ ಪ್ರಶ್ನಿಸಿದರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000ದಿಂದ 2004ರವರೆಗೆ ರಚಿಸಿದ ಚಿತ್ರಮಾಲೆಯೊಂದರಲ್ಲಿ ಅವರು ತಾವೇ ವೇಷ ಧರಿಸಿ ಚೌಕುಳಿ ಪರದೆಯ ಮುಂದೆ ನಿಂತರು. ಅವುಗಳನ್ನು ಕಂಡಾಗ ಅಳೆಯಲ್ಪಟ್ಟವರಿಗಿಂತ ಅಳೆದವರ ಮೇಲೆಯೇ ನಮ್ಮ ಗಮನ ಹರಿಯುತ್ತದೆ.

ಹಳೆಯ ವಿಧಾನವನ್ನೇ ಗೌರವದ ಸಾಧನವಾಗಿಸಿದವರೂ ಇದ್ದಾರೆ. ಅಮೆರಿಕದ ನವಾಹೊ ಬುಡಕಟ್ಟಿನ ಛಾಯಾಗ್ರಾಹಕ ವಿಲ್ ವಿಲ್ಸನ್ 2012ರಲ್ಲಿ ಮೂಲನಿವಾಸಿಗಳ ಭಾವಚಿತ್ರಗಳನ್ನು ಒದ್ದೆ ಫಲಕದ ವಿಧಾನದಲ್ಲಿ ತೆಗೆಯುವ ಕಾರ್ಯವನ್ನು ಆರಂಭಿಸಿದರು. ಇಲ್ಲಿ ಬಳಸುವುದು ಲೋಹದ ತಗಡು. ಮೂಲ ತಗಡನ್ನು ಕುಳಿತವರಿಗೇ ಕೊಟ್ಟು, ಅವರು ಅದರ ಪ್ರತಿಯನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ವಿಧಾನ ಅದೇ, ಸಂಬಂಧ ಬೇರೆ.

ಇಂದು ಕೈಯಲ್ಲಿರುವ ಫೋನು ಕ್ಷಣಮಾತ್ರದಲ್ಲಿ ಚಿತ್ರ ತೆಗೆಯುತ್ತದೆ. ಹೂ ಕಟ್ಟುವ ಅಜ್ಜಿಯ ಕಡೆಗೆ ಅದನ್ನು ಹಿಡಿಯುವ ಮುನ್ನ ಅವರ ಹೆಸರು ಕೇಳೋಣ, ಒಪ್ಪಿಗೆ ಪಡೆಯೋಣ, ತೆಗೆದ ಚಿತ್ರವನ್ನು ಮೊದಲು ಅವರಿಗೇ ತೋರಿಸೋಣ.