ಮೇಲಿಂದ ಬಿದ್ದದ್ದು ಬಾಂಡ್ಲಿ, ಹಣೆಬರಹವಲ್ಲ!

ಬಸ್ಸಿಗೆ ಕಾಯುವಾಗ ಒಮ್ಮೆ ತಲೆಯೆತ್ತಿ ನೋಡಿ ಸ್ವಾಮಿ. ಎದುರಿನ ಹೊಸ ಕಟ್ಟಡದ ಮೂರನೇ ಅಂತಸ್ತಿಗೆ ಗಾರೆ ಬಾಂಡ್ಲಿ ಹಗ್ಗದಲ್ಲಿ ಏರುತ್ತಿರುತ್ತದೆ. ಕೆಳಗೆ ನಿಂತವನಿಗೆ ತಲೆಗೆ ಸುತ್ತಿದ ಟವೆಲ್ಲೇ ಹೆಲ್ಮೆಟ್ಟು! ಹಗ್ಗ ಜಾರಿತೋ, ಹೆಗಲ ಮೂಳೆ ಪುಡಿ.

ಆಸ್ಪತ್ರೆಗೆ ಬರುವ ಮೇಸ್ತ್ರಿ ನಾಲ್ಕು ನೋಟು ಕೈಗಿಟ್ಟು, "ನಿನ್ ಹಣೆಬರಹ ಕಣಪ್ಪಾ, ಇಲ್ಲೊಂದು ಹೆಬ್ಬೆಟ್ಟು ಒತ್ತು" ಅಂತಾನೆ. ಒತ್ತಬೇಕಾಗಿಲ್ಲ! ಒತ್ತಿದ್ದರೂ ಹೆದರಬೇಕಾಗಿಲ್ಲ. ಪರಿಹಾರದ ಹಕ್ಕು ಬಿಟ್ಟೆನೆಂದು ಬರೆಸಿಕೊಂಡ ಚೀಟಿ ಕಾನೂನಿನ ಮುಂದೆ ಬರೀ ರದ್ದಿ ಕಾಗದ.

ಪರಿಹಾರ ಭಿಕ್ಷೆಯಲ್ಲ. 1923ರ ಕಾಯ್ದೆ ಕೊಟ್ಟ ಹಕ್ಕು ಅದು. ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಇಎಸ್‌ಐ ಇಲ್ಲದವನ ಚಿಕಿತ್ಸೆಯ ಖರ್ಚು ಕೆಲಸ ಕೊಟ್ಟವನದು. ಕೆಲಸ ತಪ್ಪಿದ ಕಾಲಕ್ಕೆ 15 ದಿನಕ್ಕೊಮ್ಮೆ ತಿಂಗಳ ಕೂಲಿಯ ಶೇ. 25 ಸಿಗಬೇಕು. ಕಾಯಂ ಊನವಾದರೆ ಕೂಲಿ, ವಯಸ್ಸು ನೋಡಿ ಇಡಿಗಂಟು.

ಪೆಟ್ಟು ಎಲ್ಲಿ, ಹೇಗಾಯ್ತೆಂದು ಆಸ್ಪತ್ರೆಯಲ್ಲೇ ಬರೆಸಿ. 2 ವರ್ಷದೊಳಗೆ ಅರ್ಜಿ ಹಾಕಿ. ಯಾರಿಗೆ ಎಂಬುದನ್ನು ಕಾರ್ಮಿಕ ಇಲಾಖೆಯಲ್ಲಿ ಕೇಳಿ.

ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವನಿಗೆ ಸಾಕ್ಷಿ ಯಾರು? ಎದುರಂಗಡಿ ಯಜಮಾನರೇ, ಅವನು ಅಲ್ಲಿ ದುಡಿದದ್ದನ್ನು ದಿನಾ ಕಂಡವರು ನೀವಲ್ಲವೇ?