ಕುದುರೆ ಬಾಯಿಗೆ ಕಬ್ಬಿಣ ಬೇಕೇ ಬೇಕೆ ಸ್ವಾಮಿ?

ಬೆಲೆ ಏರಿದರೆ ಕಡಿವಾಣ ಹಾಕಿ ಅಂತೀವಿ. ಪುಂಡರ ಹಾವಳಿ ಹೆಚ್ಚಿದರೂ ಅದೇ ಮಾತು. ಆದರೆ ನಿಜವಾದ ಕಡಿವಾಣದ ರುಚಿ ಏನೆಂದು ಮೈಸೂರು ಅರಮನೆ ಸುತ್ತ ಪ್ರವಾಸಿಗರನ್ನು ಎಳೆಯುವ ಟಾಂಗಾ ಕುದುರೆಯನ್ನೇ ಕೇಳಬೇಕು!

ಕುದುರೆಯ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಒಂದು ಖಾಲಿ ಜಾಗವುಂಟು. ಅಲ್ಲಿ ಎಲುಬಿನ ಮೇಲೆ ತೆಳ್ಳಗಿನ ವಸಡು, ಅಷ್ಟೇ. ಕಡಿವಾಣದ ಕಬ್ಬಿಣ ನಾಲಿಗೆಯ ಮೇಲೆ ಹಾದು ಕೂರುವುದು ಆ ಜಾಗದಲ್ಲೇ. ಒರಟು ಕೈ ಲಗಾಮು ಜಗ್ಗಿದರೆ ವಸಡು, ನಾಲಿಗೆ ಎರಡಕ್ಕೂ ಪೆಟ್ಟು. ನೋವಿಗೆ ಪಾಪದ ಪ್ರಾಣಿ ಬಾಯಿ ತೆರೆದು ತಲೆ ಕೊಡವುತ್ತದೆ. ಅದಕ್ಕೆ ‘ಮೊಂಡು ಕುದುರೆ’ ಎಂಬ ಬಿರುದು ಬೇರೆ.

ಮುಳ್ಳಿರುವ ಕಡಿವಾಣವನ್ನು ಭಾರ ಎಳೆಯುವ ಪ್ರಾಣಿಗಳ ಬಗೆಗಿನ 1965ರ ಕೇಂದ್ರ ನಿಯಮಗಳೇ ನಿಷೇಧಿಸಿವೆ. ನಯವಾದ ಕಡಿವಾಣಕ್ಕೆ ಅಡ್ಡಿಯಿಲ್ಲ. ಆದರೆ ಅದೂ ಇಲ್ಲದೆ ಕುದುರೆ ಪಳಗುತ್ತದೆ.

ಹೇಗೆ ಅಂತೀರಾ? ಬಾಯೊಳಗೆ ಏನೂ ಇರದ ತಲೆಪಟ್ಟಿ ಕಟ್ಟಿ, ಲಗಾಮನ್ನು ಮೂಗುಪಟ್ಟಿಗೆ ಸೇರಿಸುತ್ತಾರೆ. ಪಟ್ಟಿ ಮೂಗಿನ ಗಟ್ಟಿ ಎಲುಬಿನ ಮೇಲೆ ಕೂರಬೇಕು. ಕೆಳಗಿನ ಮೆದು ಭಾಗಕ್ಕೆ ಜಾರಿದರೆ ಉಸಿರಿಗೇ ಕುತ್ತು. ಕುದುರೆ ನಮ್ಮ ಹಾಗೆ ಬಾಯಲ್ಲಿ ಉಸಿರಾಡುವ ಪ್ರಾಣಿಯಲ್ಲ.

ಮೊದಲ ಪಾಠಕ್ಕೆ ಗಾಡಿ ಬೇಡ, ಸವಾರಿ ಬೇಡ. ಪಕ್ಕದಲ್ಲಿ ನಿಂತು ಲಗಾಮನ್ನು ಹಗುರವಾಗಿ ಒಂದು ಕಡೆ ಎಳೆಯಬೇಕು. ಕುದುರೆ ಮೂಗನ್ನು ಒಂದಂಗುಲ ಅತ್ತ ತಿರುಗಿಸಿತೋ, ಆ ಕ್ಷಣವೇ ಸಡಿಲ ಬಿಡಬೇಕು. ಆ ಸಡಿಲಿಕೆಯೇ ಅದಕ್ಕೆ ಸಿಗುವ ಬಹುಮಾನ. ತಡಮಾಡಿದರೆ ಬಹುಮಾನ ಯಾತಕ್ಕೆ ಬಂತೆಂದು ಅದಕ್ಕೆ ಗೊತ್ತಾಗದು. ಎಡ, ಬಲ, ನಿಲ್ಲು, ಎರಡು ಹೆಜ್ಜೆ ಹಿಂದೆ, ಹೀಗೆ ಒಂದೊಂದಾಗಿ ಕಲಿಸಬೇಕು. ಪ್ರತಿ ಸಲವೂ ಬಾಯಿಮಾತು ಮೊದಲು, ಲಗಾಮು ಆಮೇಲೆ. ದಿನ ಕಳೆದ ಹಾಗೆ ಮಾತಿಗೇ ನಿಲ್ತದೆ. ಬೇಲಿಯೊಳಗೆ ಇದೆಲ್ಲ ಪಕ್ಕಾ ಆದ ಮೇಲೆ ಗಾಡಿ, ಖಾಲಿ ರಸ್ತೆ. ಬಸ್ಸು, ಆಟೋಗಳ ಸದ್ದು ಕಟ್ಟಕಡೆಗೆ.

‘ಹಾರ್ನಿಗೆ ಬೆದರಿ ಓಡಿದರೆ ಗತಿಯೇನು?’ ಎಂಬ ಪ್ರಶ್ನೆ ಸಹಜವೇ. ಬೆದರಿದ ಕುದುರೆ ಬಾಯಲ್ಲಿ ಕಬ್ಬಿಣ ಇದ್ದರೂ ಓಡುತ್ತದೆ. ಅದನ್ನು ತಡೆಯುವುದು ಅಭ್ಯಾಸ, ನಂಬಿಕೆ. ಹಾಗಂತ ಪಾಠವಿಲ್ಲದೆ ನಾಳೆಯೇ ಕಡಿವಾಣ ಕಳಚಿ ಸಯ್ಯಾಜಿರಾವ್ ರಸ್ತೆಗೆ ಇಳಿಯುವುದು ಹುಚ್ಚುತನ. ಕೈ ಒರಟಾದರೆ ಮೂಗುಪಟ್ಟಿಯೂ ಹಿಂಸೆಯೇ.

ಪ್ರಯಾಣಿಕರಿಗೂ ಒಂದು ಮಾತು. ‘ಜೋರಾಗಿ ಹೋಗಲಿ’ ಅಂತ ಅವಸರಿಸುವ ಮುನ್ನ ಕುದುರೆ ಬಾಯಿಯ ಅಂಚು ನೋಡಿ. ಗಾಯವಿದ್ದರೆ ಗಾಡಿ ಹತ್ತಬೇಡಿ, ಯಾಕೆ ಹತ್ತಲಿಲ್ಲವೆಂದು ಹೇಳಿಯೇ ಹೋಗಿ. ಗಿರಾಕಿ ತಪ್ಪಿದರೆ ಲಗಾಮು ತಾನಾಗಿ ಸಡಿಲವಾದೀತು!