ಕೌನ್ಸೆಲಿಂಗ್ ನಮ್ಮ ಜನಕ್ಕೆ ಒಗ್ಗುವುದಿಲ್ಲವೇ? ನಿಜಾಂಶ ಇಲ್ಲಿದೆ

“ಖಿನ್ನತೆ, ಕೌನ್ಸೆಲಿಂಗ್ ಎಲ್ಲ ವಿದೇಶದವರ ಶೋಕಿ. ನಮ್ಮವರಿಗೆ ಅದು ಒಗ್ಗುವುದಿಲ್ಲ, ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕು.” ಈ ಅರ್ಥದ ಸಂದೇಶಗಳು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆಗಾಗ ಬರುತ್ತವೆ. ಕಳಿಸುವವರ ಉದ್ದೇಶ ಕೆಟ್ಟದ್ದಲ್ಲ. ಆದರೆ ಅದೇ ಗ್ರೂಪಿನಲ್ಲಿ ತಿಂಗಳುಗಳಿಂದ ನಿದ್ದೆ ಇಲ್ಲದೆ ನರಳುತ್ತಿರುವ ಒಬ್ಬರು ಇದ್ದರೆ, ಅವರು ಡಾಕ್ಟರ ಹತ್ತಿರ ಹೋಗುವ ಯೋಚನೆಯನ್ನೇ ಕೈಬಿಡಬಹುದು. ಹಾಗಾಗಿ ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ನೋಡೋಣ.

ಅರ್ಧ ನಿಜ ಯಾವುದು?

ಇಂದು ಬಳಕೆಯಲ್ಲಿರುವ ಮಾತಿನ ಚಿಕಿತ್ಸೆಗಳಲ್ಲಿ (ಸೈಕೋಥೆರಪಿ) ಹೆಚ್ಚಿನವು ಯುರೋಪ್ ಮತ್ತು ಅಮೆರಿಕದಲ್ಲಿ ರೂಪುಗೊಂಡವು. ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಕೂತು ಮಾತಾಡುವುದು, ಮನಸ್ಸಿಗೆ ಬಂದದ್ದನ್ನು ನೋಟ್‌ಬುಕ್‌ನಲ್ಲಿ ಬರೆಯುವುದು, ತನ್ನ ನಿರ್ಧಾರ ತಾನೇ ಮಾಡುವುದು ಅಲ್ಲಿನವರಿಗೆ ಸಹಜ. ಆದರೆ ಓದು ಬರಹ ಬಾರದ, ಮನೆಯವರನ್ನು ಕೇಳದೆ ಹೊರಗೆ ಕಾಲಿಡದ ಹೆಂಗಸಿಗೆ ಅದನ್ನು ಹಾಗೇ ಹೇಳಿದರೆ ನಡೆಯುವುದಿಲ್ಲ.

ನೋವನ್ನು ಹೇಳುವ ರೀತಿಯೂ ಬೇರೆ. ನಮ್ಮಲ್ಲಿ “ನನಗೆ ಖಿನ್ನತೆ” ಎನ್ನುವವರು ಕಡಿಮೆ. “ತಲೆ ಭಾರ”, “ಎದೆ ಡವಡವ”, “ಕೈಕಾಲಲ್ಲಿ ಶಕ್ತಿಯೇ ಇಲ್ಲ”, “ಬರೀ ಟೆನ್ಶನ್” ಎನ್ನುವವರೇ ಹೆಚ್ಚು.

ಹಾಗಾದರೆ ಸುಳ್ಳು ಯಾವುದು?

ಹಾಗೇ ನಕಲು ಮಾಡಿದರೆ ಒಗ್ಗದು ಎಂದ ಮಾತ್ರಕ್ಕೆ ಚಿಕಿತ್ಸೆಯೇ ಒಗ್ಗದು ಎಂದಲ್ಲ. ಇದಕ್ಕೆ ಪಕ್ಕದ ಗೋವಾದಲ್ಲೇ ಪುರಾವೆ ಇದೆ.

ಅಲ್ಲಿನ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆ ಇದ್ದ 495 ವಯಸ್ಕರ ಮೇಲೆ ನಡೆದ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಚಿಕಿತ್ಸೆ ಕೊಟ್ಟವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನರು. ಆರರಿಂದ ಎಂಟು ಭೇಟಿ, ಬೇಕಾದರೆ ಮನೆಯಲ್ಲೇ. ಅಕ್ಷರ ಬಾರದವರಿಗೂ ಆಗುವಂತೆ ಹೋಮ್‌ವರ್ಕ್ ಸರಳಗೊಳಿಸಲಾಯಿತು. ಮನೆಯ ಒಬ್ಬರನ್ನು ಜೊತೆಗೆ ಸೇರಿಸಿಕೊಳ್ಳಲೂ ಅವಕಾಶವಿತ್ತು.

ಆದರೆ ಚಿಕಿತ್ಸೆಯ ತಿರುಳು ಬದಲಾಗಲಿಲ್ಲ. ಬೇಸರ ಬಂದಾಗ ನಾವು ಮಾಡುವ ಕೆಲಸ, ಸೇರುವ ಜನ ಎಲ್ಲವನ್ನೂ ಬಿಡುತ್ತೇವೆ. ಬಿಟ್ಟಷ್ಟೂ ಬೇಸರ ಹೆಚ್ಚುತ್ತದೆ. ಈ ಸುಳಿಯಿಂದ ಹೊರಬರಲು ಸಣ್ಣ ಸಣ್ಣ ಕೆಲಸಗಳನ್ನು ಹಂತ ಹಂತವಾಗಿ ಮತ್ತೆ ಶುರು ಮಾಡಿಸುವುದೇ ಆ ತಿರುಳು. ಆ ಕೆಲಸ ಗಿಡಕ್ಕೆ ನೀರು ಹಾಕುವುದಿರಬಹುದು, ಪಕ್ಕದ ಮನೆಯವರ ಜೊತೆ ಸಂತೆಗೆ ಹೋಗುವುದಿರಬಹುದು.

ಮೂರು ತಿಂಗಳ ನಂತರ ಈ ಚಿಕಿತ್ಸೆಯೂ ಸೇರಿದ್ದ ಗುಂಪಿನಲ್ಲಿ 64% ಮಂದಿ ಚೇತರಿಸಿಕೊಂಡಿದ್ದರು. ಆರೋಗ್ಯ ಕೇಂದ್ರದ ಮಾಮೂಲಿ ಆರೈಕೆ ಮಾತ್ರ ಸಿಕ್ಕವರಲ್ಲಿ ಚೇತರಿಸಿಕೊಂಡವರು 39%.

ಜಿಂಬಾಬ್ವೆಯ ಅಜ್ಜಿಯರು

ಜಿಂಬಾಬ್ವೆಯ ಶೋನಾ ಭಾಷಿಕರು ಇಂಥ ನೋವಿಗೆ ‘ಕುಫುಂಗಿಸಿಸಾ’ ಎನ್ನುತ್ತಾರೆ, ಅಂದರೆ ‘ಅತಿಯಾಗಿ ಯೋಚಿಸುವುದು’. ಮನೋವೈದ್ಯ ಡಿಕ್ಸನ್ ಚಿಬಾಂಡ ಅಲ್ಲಿನ ಅಜ್ಜಿಯರಿಗೆ ಸಮಸ್ಯೆ ಬಿಡಿಸುವ ಚಿಕಿತ್ಸೆಯ ತರಬೇತಿ ಕೊಟ್ಟರು. ಕ್ಲಿನಿಕ್ ಹೊರಗಿನ ಮರದ ಬೆಂಚೇ ಕೌನ್ಸೆಲಿಂಗ್ ಕೋಣೆಯಾಯಿತು. ಹರಾರೆಯ 24 ಕ್ಲಿನಿಕ್‌ಗಳ 573 ಜನರ ಮೇಲೆ ಇದನ್ನು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ತಿಂಗಳ ನಂತರ ಬೆಂಚಿನ ಮೇಲೆ ಕೂತವರಲ್ಲಿ ಖಿನ್ನತೆಯ ಲಕ್ಷಣ ಉಳಿದವರು ಉಳಿದ ಗುಂಪಿಗಿಂತ ಬಹಳ ಕಡಿಮೆ.

ಇದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳಬೇಡಿ

ಯಾರ ಜೊತೆಗಾದರೂ ಮಾತಾಡಿದರೆ ಸಾಕು ಎಂದು ಇದರ ಅರ್ಥವಲ್ಲ. ಆ ಅಜ್ಜಿಯರಿಗೂ ತರಬೇತಿ, ಮೇಲ್ವಿಚಾರಣೆ ಎರಡೂ ಇತ್ತು. ದೇವಸ್ಥಾನಕ್ಕೋ ದರ್ಗಾಕ್ಕೋ ಹೋಗುವುದನ್ನು ಬಿಡಬೇಕು ಎಂದೂ ಅಲ್ಲ. ಹರಕೆ ಇರಲಿ, ಚಿಕಿತ್ಸೆಯೂ ಇರಲಿ. ಇಲ್ಲದ ದನಿ ಕೇಳಿಸುವಂಥ ತೀವ್ರ ಕಾಯಿಲೆಗಳಿಗೆ ಔಷಧ ಬೇಕೇ ಬೇಕು. ಡಾಕ್ಟರನ್ನು ಕೇಳದೆ ಅದನ್ನು ನಿಲ್ಲಿಸಬಾರದು.

ನೀವೇನು ಮಾಡಬಹುದು?

ಕೌನ್ಸೆಲರ್ ಹತ್ತಿರ ಹೋದಾಗ “ಕನ್ನಡದಲ್ಲೇ ಮಾತಾಡಬಹುದೇ?”, “ಯಾವ ತರಬೇತಿ ಪಡೆದಿದ್ದೀರಿ?”, “ಮನೆಯವರನ್ನು ಕರೆತರಬಹುದೇ?” ಎಂದು ಸಂಕೋಚವಿಲ್ಲದೆ ಕೇಳಿ. ನಿಮ್ಮ ಜಾತಿ, ಧರ್ಮ, ಮನೆಯ ಪದ್ಧತಿಯನ್ನು ಹಗುರವಾಗಿ ಮಾತಾಡಿದರೆ ಬೇರೆಯವರನ್ನು ನೋಡಿ. ಒಬ್ಬರು ಸರಿಹೊಂದಲಿಲ್ಲ ಎಂದರೆ ಚಿಕಿತ್ಸೆಯೇ ಸರಿಯಿಲ್ಲ ಎಂದಲ್ಲ.

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇರುತ್ತದೆ. ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದೆ ಎಂದು ಯಾರಾದರೂ ಹೇಳಿದರೆ ತಡಮಾಡದೆ ಕರೆ ಮಾಡಿ, ಅವರನ್ನು ಒಂಟಿಯಾಗಿ ಬಿಡಬೇಡಿ.

ಒಟ್ಟಾರೆ: “ಕೌನ್ಸೆಲಿಂಗ್ ನಮ್ಮವರಿಗೆ ಒಗ್ಗುವುದಿಲ್ಲ” ಎಂಬುದು ತಪ್ಪು. ನಮ್ಮ ಭಾಷೆಗೆ, ಬದುಕಿಗೆ ಹೊಂದಿಸಿ ಕೊಟ್ಟಾಗ ಅದು ಕೆಲಸ ಮಾಡುತ್ತದೆ. ಮುಂದಿನ ಸಲ ಆ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಬದಲು 14416 ಸಂಖ್ಯೆಯನ್ನು ಗ್ರೂಪಿಗೆ ಹಾಕಿ. ಅದು ಬೇಕಾಗಿರುವವರು ಅಲ್ಲೇ ಇರಬಹುದು.